ಒಂದು ಬೆಕ್ಕಿನ ಮರಿಗೆ ಚಂದಾ ಎತ್ತೋದಾ?

"ಮನುಷ್ಯರ ಆಸ್ಪತ್ರೆ ಖರ್ಚಿಗೇ ದುಡ್ಡಿಲ್ಲ, ನೀವು ಬೆಕ್ಕಿನ ಮರಿಗೆ ಚಂದಾ ಎತ್ತಿದಿರಂತೆ?" ಕೊಡಗಿನ ಸುಂಟಿಕೊಪ್ಪದ ಸಂತೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ, ಮದುವೆ ಊಟಕ್ಕೆ ಕೂತಾಗಲೂ ಕೇಳುತ್ತಾರೆ.

ಹೌದು, ಎತ್ತಿದೆ. ಅವಳ ಕಾಯಿಲೆಗೆ ಔಷಧ ಇತ್ತು, ನನ್ನ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಅದಕ್ಕೇ.

ಮಾರ್ಚ್‌ನಲ್ಲಿ ನಮ್ಮ ಕಣದಲ್ಲಿ, ಕರಿಮೆಣಸು ಒಣಹಾಕಿದ್ದ ಟಾರ್ಪಾಲಿನ ಅಂಚಿನಲ್ಲಿ ಸಿಕ್ಕವಳು ಅವಳು. ಕಪ್ಪು ಬಣ್ಣ, ಹಾಗಾಗಿ ಹೆಸರೂ ಮೆಣಸು. ಜುಲೈ ಮಳೆ ಹಿಡಿಯುವ ಹೊತ್ತಿಗೆ ಊಟ ಬಿಟ್ಟಳು. ಬೆನ್ನುಮೂಳೆ ಕೈಗೆ ಸಿಗುತ್ತಿತ್ತು, ಹೊಟ್ಟೆ ಮಾತ್ರ ಉಬ್ಬಿತ್ತು. ಇಂಜೆಕ್ಷನ್ ಕೊಟ್ಟರೂ ಜ್ವರ ಇಳಿಯಲಿಲ್ಲ. ನಮ್ಮೂರ ಪಶು ಆಸ್ಪತ್ರೆ ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿ, "ತಡ ಮಾಡಬೇಡಿ, ಮೈಸೂರಿಗೆ ಕರೆದುಕೊಂಡು ಹೋಗಿ" ಅಂದರು.

ಮೈಸೂರಿನಲ್ಲಿ ಹೊಟ್ಟೆಯಿಂದ ಸ್ವಲ್ಪ ನೀರು ತೆಗೆದರು. ಹಳದಿ ಬಣ್ಣ, ಜೇನಿನ ಹಾಗೆ ಎಳೆ ಬರುತ್ತಿತ್ತು. ಡಾಕ್ಟರ್ ಒಂದು ಗಾಜಿನ ನಳಿಕೆಯ ನೀರಿಗೆ ಒಂದು ತೊಟ್ಟು ವಿನೆಗರ್ ಬೆರೆಸಿ, ಅದರ ಮೇಲೆ ಈ ಹಳದಿ ಹನಿ ಬಿಟ್ಟರು. ಹನಿ ಕರಗಲಿಲ್ಲ. ಬಾಲ ಬಿಟ್ಟುಕೊಂಡು ಹಾಗೇ ಮೆಲ್ಲಗೆ ಕೆಳಗಿಳಿಯಿತು. ಇದೊಂದೇ ಸಾಕಾಗಲ್ಲ, ರಕ್ತ ಪರೀಕ್ಷೆಯೂ ಬೇಕು ಅಂದರು. ಅದೂ ಅದನ್ನೇ ಹೇಳಿತು. ಎಫ್‌ಐಪಿ, ಬೆಕ್ಕುಗಳಿಗೆ ಬರುವ ಒಂದು ಮಾರಕ ಕಾಯಿಲೆ.

ಬೆಕ್ಕುಗಳ ಕರುಳಿನಲ್ಲಿ ಒಂದು ಕೊರೊನಾ ವೈರಸ್ ಇರುವುದು ಮಾಮೂಲಿ. ನಮ್ಮ ಕೋವಿಡ್ ವೈರಸ್ ಬೇರೆ, ಇದು ಬೇರೆ. ಹೆಚ್ಚಿನ ಬೆಕ್ಕುಗಳಿಗೆ ಏನೂ ಆಗುವುದಿಲ್ಲ. ಕೆಲವು ಬೆಕ್ಕುಗಳಲ್ಲಿ ಮಾತ್ರ ಅದು ರೂಪ ಬದಲಿಸಿ ಈ ಕಾಯಿಲೆ ತರುತ್ತದೆ. ಮೊದಲೆಲ್ಲ ಬಂದರೆ ಮುಗಿಯಿತು ಅನ್ನುತ್ತಿದ್ದರು. 2019ರಲ್ಲಿ ಕ್ಯಾಲಿಫೋರ್ನಿಯಾದ ಡಾ. ನೀಲ್ಸ್ ಪೆಡರ್ಸನ್ ತಂಡ ಜಿಎಸ್-441524 ಅನ್ನುವ ಔಷಧವನ್ನು 31 ಬೆಕ್ಕುಗಳಿಗೆ ಕೊಟ್ಟ ವಿವರ ಪ್ರಕಟಿಸಿತು. 25 ಬೆಕ್ಕುಗಳು ಗುಣವಾಗಿದ್ದವು. ಕೋವಿಡ್ ಕಾಲದಲ್ಲಿ ಜನ ಹುಡುಕಿ ಅಲೆದ ರೆಮ್‌ಡೆಸಿವಿರ್ ನೆನಪಿದೆ ಅಲ್ವಾ? ಅದು ಮೈಯೊಳಗೆ ಹೋದ ಮೇಲೆ ಆಗುವುದು ಇದೇ ಔಷಧ.

ಆದರೆ ಅವಳಿಗೆ 84 ದಿನ ಕೊಡಬೇಕು, ಒಂದು ದಿನವೂ ತಪ್ಪಬಾರದು ಅಂದರು ಡಾಕ್ಟರ್. ತೂಕ ನೋಡಿ ಡೋಸ್, ಮರಿ ಬೆಳೆದ ಹಾಗೆ ಡೋಸೂ ಏರುತ್ತದೆ, ಖರ್ಚೂ ಏರುತ್ತದೆ. ಒಟ್ಟು 38,000 ಆಗಬಹುದು ಅಂದರು. ನನ್ನಲ್ಲಿದ್ದದ್ದು 13,000.

ಕೇಳುವುದಕ್ಕೆ ಎರಡು ದಿನ ಬಾಯಿ ಬರಲಿಲ್ಲ. ಆಮೇಲೆ ಡಾಕ್ಟರ ಚೀಟಿ, ಖರ್ಚಿನ ಅಂದಾಜು, ಅವಳ ಫೋಟೋ ಇಟ್ಟು ಗೊತ್ತಿದ್ದವರಿಗೆಲ್ಲ ಕಳಿಸಿದೆ. ಆದಷ್ಟು ನೇರವಾಗಿ ಆಸ್ಪತ್ರೆಗೇ ಹಾಕಿ ಅಂದೆ. ಪ್ರತಿ ಭಾನುವಾರ ಬಿಲ್ಲು ಕಳಿಸಿದೆ, ಜೊತೆಗೆ ಅವಳ ತೂಕ. ಮೆಣಸು ತೂಗುವ ತಕ್ಕಡಿಯಲ್ಲೇ ಮೆಣಸನ್ನು ತೂಗಿದ್ದು. ಶುರುವಿನಲ್ಲಿ 1 ಕೆಜಿ 400 ಗ್ರಾಂ. ಹೆಚ್ಚಿನವರು ನೂರು, ಇನ್ನೂರು ಕೊಟ್ಟರು. ತೋಟದ ಕೆಲಸಗಾರರ ಲೈನ್ ಮನೆಯ ಹುಡುಗಿಯೊಬ್ಬಳು ಇಪ್ಪತ್ತು ರೂಪಾಯಿ ನೋಟು ಮಡಚಿ ತಂದು, "ಅಕ್ಕ, ಇದನ್ನೂ ಬರ್ಕೊಳಿ" ಅಂದಳು. ಬರೆದುಕೊಂಡೆ.

ಪಕ್ಕದ ತೋಟದ ಮಾವ ಮಾತ್ರ ನೇರವಾಗಿ ಕೇಳಿದರು, "ನನ್ನ ದನ ಸತ್ತಾಗ ಯಾರು ಚಂದಾ ಎತ್ತಿದರು?" ಅವರ ಸಂಕಟ ಸುಳ್ಳಲ್ಲ. ಆ ಹಸು ಹೋದಾಗ ಮನೆಯ ಹಾಲಿನ ದುಡ್ಡೇ ನಿಂತಿತ್ತು. "ಆಗ ನೀವು ಕೇಳಿದ್ದರೆ ನಾನು ಕೊಡುತ್ತಿದ್ದೆ ಮಾವ" ಅಂದೆ. ಸುಮ್ನೆ ಹೇಳಿದ ಮಾತಲ್ಲ ಅದು. ಮನುಷ್ಯರಿಗೆ ಕೊಡಬೇಕಾದದ್ದನ್ನು ನಾನು ಬೆಕ್ಕಿಗೆ ಕಸಿದುಕೊಳ್ಳಲಿಲ್ಲ. ಕೊಡಲು ಮನಸ್ಸಿದ್ದವರನ್ನು ಕೇಳಿದೆ, ಇಲ್ಲ ಅಂದವರನ್ನು ಎರಡನೇ ಸಲ ಕೇಳಲಿಲ್ಲ.

ಅಕ್ಟೋಬರ್‌ನಲ್ಲಿ ಔಷಧ ಮುಗಿಯಿತು. ಆವತ್ತು 2 ಕೆಜಿ 600 ಗ್ರಾಂ ತೂಗಿದಳು. ಮರುಕಳಿಸುತ್ತದಾ ಅಂತ ಇನ್ನೂ 84 ದಿನ ನೋಡಬೇಕು. ಇವತ್ತಿಗೆ 61. ಕಣದಲ್ಲಿ ಕಾಫಿ ಹರಡಿದ್ದೇವೆ, ಅವಳು ಅದರ ಮೇಲೇ ಓಡಾಡುತ್ತಿದ್ದಾಳೆ. ಚಂದಾದಲ್ಲಿ ಉಳಿದ 3,150 ರೂಪಾಯಿ ಕೊನೆಯ ರಕ್ತ ಪರೀಕ್ಷೆಗೆ ಅಂತ ಎತ್ತಿಟ್ಟಿದ್ದೇನೆ.