ಇಲ್ಲದ ಭಾಗ ಹೇಗಿತ್ತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?

ನಾನು ಮೈಸೂರಿನಲ್ಲಿ ಹಳೆಯ ಮರದ ಸಾಮಾನು ರಿಪೇರಿ ಮಾಡುತ್ತೇನೆ. ಬಂದವರೆಲ್ಲ ಕೇಳುವುದು ಇದೇ. ಕುರ್ಚಿಗೆ ಒಂದು ಕೈ ಇಲ್ಲ, ಮೇಜಿಗೆ ಒಂದು ಕಾಲಿಲ್ಲ. ಕಣ್ಣಲ್ಲಿ ನೋಡದೇ ಇರೋದನ್ನು ಹೇಗೆ ಮಾಡ್ತೀರಿ?

ಉಳಿದ ಮರವೇ ಹೇಳುತ್ತದೆ. ಹೋದ ವರ್ಷ ಅಗ್ರಹಾರದ ಒಂದು ಮನೆಯಿಂದ ಬೀಟೆ ಮಂಚ ಬಂತು. ತಲೆಭಾಗದಲ್ಲಿ ತೂತು ಏಳು, ಲೇತಿನಲ್ಲಿ ಕಡೆದ ಕಡ್ಡಿ ಐದೇ. ಒಂದು ಕಡ್ಡಿ ಬಿಚ್ಚಿ ಕ್ಯಾಲಿಪರ್ ಹಿಡಿದು ದಪ್ಪ ಅಳೆದೆ. 32 ಮಿ.ಮೀ. ಕಾಲು ಸುತ್ತು ತಿರುಗಿಸಿ ಅದೇ ಜಾಗ ಅಳೆದರೆ 31. ಕಡೆದವರ ತಪ್ಪಲ್ಲ ಅದು. ಮರ ಒಣಗುವಾಗ ಅದರ ಬೆಳವಣಿಗೆಯ ಉಂಗುರದ ಗುಂಟ ಜಾಸ್ತಿ ಕುಗ್ಗುತ್ತದೆ, ಉಂಗುರಕ್ಕೆ ಅಡ್ಡಲಾಗಿ ಸುಮಾರು ಅದರ ಅರ್ಧ. ದುಂಡಗೆ ಕಡೆದದ್ದು ವರ್ಷ ಕಳೆದಂತೆ ತುಸು ಚಪ್ಪಟೆಯಾಗುತ್ತದೆ. ಬೆರಳುಗಳ ನಡುವೆ ಉರುಳಿಸಿದರೆ ಸಾಕು, ತಿಳಿಯುತ್ತದೆ. ನಾನು ದೊಡ್ಡ ಅಳತೆಯನ್ನೇ ಹಿಡಿದೆ. ಮೊದಲು ಕಡೆದಾಗಿನ ಅಳತೆಗೆ ಅದೇ ಹತ್ತಿರ.

ಮರ ಹೊಂದಿಸುವುದೇ ಕಷ್ಟ. ಹೊಸದಾಗಿ ಕೊಯ್ದ ಬೀಟೆಗೆ ನೇರಳೆ ಛಾಯೆ ಇರುತ್ತದೆ, ಬೆಳಕು ಕಂಡು ಹಳೆಯದಾದದ್ದು ಕಂದು. ಅದಕ್ಕೇ ಮುರಿದ ಮಂಚ, ಕುರ್ಚಿಗಳ ತುಂಡನ್ನು ನಾನು ಎಸೆಯುವುದೇ ಇಲ್ಲ. ಆಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಬಟ್ಟೆಯ ಉಂಡೆಯಲ್ಲಿ ತೆಳ್ಳಗೆ, ದಿನ ಬಿಟ್ಟು ದಿನ.

ಜೊತೆಯ ಭಾಗವೇ ಇಲ್ಲದಿದ್ದರೆ? ಅದೇ ಮಂಚದ ನೆತ್ತಿಯ ಮೇಲೆ ಒಂದು ಕೆತ್ತನೆಯ ತುಂಡು ಇತ್ತಂತೆ. ಈಗ ಎರಡು ಸ್ಕ್ರೂ ತೂತು, ಸುತ್ತ ಪಾಲಿಶ್ ಗಟ್ಟಿಯಾಗಿ ನಿಂತ ಒಂದು ಗೆರೆ. ಆ ಗೆರೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಲ್ಲಿ ಉಜ್ಜಿದೆ. ಬುಡದ ಉದ್ದ, ಅಗಲ ಸಿಕ್ಕಿತು. ಮೇಲೆ ಏನು ಕೆತ್ತಿದ್ದರೋ ಸಿಗಲಿಲ್ಲ. ಮನೆಯ ಅಜ್ಜಿ, "ಗಿಳಿ ಇತ್ತಪ್ಪ" ಅಂದರು. ಅವರ ತಂಗಿ, "ಇಲ್ಲ ಕಣಕ್ಕ, ಬರೀ ಬಳ್ಳಿ" ಅಂದರು. ಮಗ, "ಜಗನ್ಮೋಹನ ಅರಮನೆ ಗ್ಯಾಲರಿಯಲ್ಲಿ ಇರೋ ತರ ಏನಾದ್ರೂ ಮಾಡಿ ಸಾರ್" ಅಂದರು.

ನಾನೂ ಆ ಗ್ಯಾಲರಿಗೆ ಎಷ್ಟೋ ಸಲ ಹೋಗಿ ನೋಡಿದ್ದೇನೆ, ಕಲಿತಿದ್ದೇನೆ. ಆದರೆ ಅಲ್ಲಿನ ಕೆತ್ತನೆ ಈ ಮಂಚದ್ದಲ್ಲ ಅಲ್ವಾ? ಸುಮ್ನೆ ಚೆಂದಕ್ಕೆ ಅಂತ ಕೆತ್ತಿಬಿಟ್ಟರೆ, ಮೊಮ್ಮಕ್ಕಳು ಅದನ್ನೇ ಮುತ್ತಾತನ ಕಾಲದ್ದು ಅಂದುಕೊಳ್ಳುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ.

ಗೆರೆಯ ಅಳತೆಗೆ ನುಣ್ಣನೆಯ ಕಮಾನು ಮಾಡಿದೆ. ಕೆತ್ತನೆ ಇಲ್ಲ. ಹಿಂಬದಿಯಲ್ಲಿ ಇಸವಿ ಬರೆದೆ. ಅಂಟು ಹಾಕಿಲ್ಲ, ಹಳೆಯ ತೂತಿಗೇ ಎರಡು ಸ್ಕ್ರೂ. ಅವರ ಅಟ್ಟದ ಮೇಲೆ ಇನ್ನೂ ಎರಡು ಪೆಟ್ಟಿಗೆ ತೆಗೆದು ನೋಡುವುದು ಬಾಕಿ ಇದೆ.