ಮಲ್ಟಿಮೀಟರ್‌ನಲ್ಲಿ ಬಣ್ಣ ಅಳೆಯೋದು

ಬೆಳಕನ್ನ ಬಣ್ಣಬಣ್ಣವಾಗಿ ಒಡೆಯೋಕೆ ಪ್ರಿಸಂ ಬೇಕೇ ಬೇಕು ಅಂತ ಸ್ಕೂಲಲ್ಲಿ ತಲೆಗೆ ತುಂಬಿಬಿಟ್ಟಿರ್ತಾರೆ, ನಿಜವಾಗ್ಲೂ ಮನೇಲಿ ಮೂಲೆಗೆ ಬಿದ್ದಿರೋ ಒಂದು ಹಳೇ ಸಿಡಿ ಸಾಕು. ಸಿಡಿ ಮೇಲಿರೋ ಸುರುಳಿ ಸಾಲುಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಅಂದ್ರೆ ಒಂದು ಮಿಲಿಮೀಟರ್‌ಗೆ ಸುಮಾರು 625 ಗೆರೆ, ಇದು ಬೆಳಕಿನ ತರಂಗಾಂತರಕ್ಕೆ ಹತ್ತಿರದ ಅಳತೆ ಆಗಿರೋದ್ರಿಂದ ಒಂದೊಂದು ಬಣ್ಣಾನೂ ಒಂದೊಂದು ಕೋನಕ್ಕೆ ತಿರುಗಿ ಬೇರೆಬೇರೆ ಆಗಿಬಿಡುತ್ತೆ. ಡಿವಿಡಿ ಆದ್ರೆ ಅಂತರ ಬರೀ 0.74, ಬಣ್ಣ ಇನ್ನೂ ಅಗಲಕ್ಕೆ ಹರಡ್ಕೊಳ್ಳುತ್ತೆ. ಚಪ್ಪಲಿ ಡಬ್ಬದ ಒಂದು ಕಡೆ ಬ್ಲೇಡಲ್ಲಿ ಸಣ್ಣ ಸೀಳು ಮಾಡಿ, ಇನ್ನೊಂದು ಕಡೆ ಸಿಡಿ ತುಂಡನ್ನ ಓರೆಯಾಗಿ ನಿಲ್ಸಿ, ಮೇಲಿಂದ ಇಣುಕೋಕೆ ಒಂದು ತೂತು ಮಾಡಿದ್ರೆ ಮುಗೀತು. ಸೂರ್ಯನ ಕಡೆ ಮಾತ್ರ ತಿರುಗಿಸ್ಬೇಡಿ, ಕಣ್ಣು ಹೋಗುತ್ತೆ.

ಇದರಲ್ಲಿ ಹಳೇ ಕಾಲದ ತಂತಿ ಬಲ್ಬ್ ನೋಡಿದ್ರೆ ಕೆಂಪಿಂದ ನೇರಳೆವರೆಗೆ ಎಲ್ಲೂ ಕಡಿಯದೆ ಪೂರ್ತಿ ಪಟ್ಟಿ ಸಿಗುತ್ತೆ. ಅದೇ ಸಿಎಫ್‌ಎಲ್ ನೋಡಿ, ಪಟ್ಟಿನೇ ಇಲ್ಲ, ಬಿಡಿಬಿಡಿ ಗೆರೆಗಳು, ಹಸಿರಿನ ಗೆರೆ ಅಂತೂ ಗೀಚಿದ ಹಾಗೆ ಎದ್ದು ಕಾಣುತ್ತೆ, ಅದು ಪಾದರಸದ 546 ನ್ಯಾನೋಮೀಟರ್ ಗೆರೆ. ಪಕ್ಕದಲ್ಲೇ ನೀಲಿ-ನೇರಳೆ ಬಣ್ಣದ 436ರ ಗೆರೆ ಇದೆಯಲ್ಲ, ಅದಕ್ಕೊಂದು ದೊಡ್ಡ ಇತಿಹಾಸಾನೇ ಇದೆ, ಸಿ.ವಿ. ರಾಮನ್ ಅವ್ರು 1928ರಲ್ಲಿ ಕಲ್ಕತ್ತಾದಲ್ಲಿ ಪಾದರಸದ ದೀಪದ ಇದೇ ಬೆಳಕನ್ನ ದ್ರವಗಳೊಳಗೆ ಹಾಯಿಸಿ, ಚದುರಿ ಬಂದ ಬೆಳಕಲ್ಲಿ ಹೊಸ ಗೆರೆಗಳನ್ನ ಕಂಡಿದ್ದು. ಮಾರ್ಚ್ 16ಕ್ಕೆ ನಮ್ಮ ಬೆಂಗಳೂರಿಗೆ ಬಂದು ಅದ್ರ ಬಗ್ಗೆ ಭಾಷಣಾನೂ ಮಾಡಿದ್ರು. ಅಷ್ಟು ದೊಡ್ಡ ವಿಷ್ಯಕ್ಕೆ ಬಳಸಿದ ಬೆಳಕು ಈಗ ಗುಜರಿಗೆ ಹಾಕೋ ಸಿಎಫ್‌ಎಲ್ ಒಳಗೂ ಇದೆ ಅಂದ್ರೆ ನನಗಂತೂ ಮಜಾ ಅನ್ಸುತ್ತೆ.

ಇಷ್ಟೂ ಬರೀ ನೋಡೋ ಆಟ. ನನಗೆ ಹುಚ್ಚು ಹಿಡಿಸಿದ್ದು ಎಲ್‌ಇಡಿ. ಎಸ್‌.ಪಿ. ರೋಡಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಬೀದಿ) ಬಣ್ಣಬಣ್ಣದ್ದು ಮಿಕ್ಸ್ ಪ್ಯಾಕೆಟ್ ಸಿಗುತ್ತೆ, 9 ವೋಲ್ಟ್ ಬ್ಯಾಟರಿಗೆ 1 ಕಿಲೋಓಮ್ ರೆಸಿಸ್ಟರ್ (ಕರೆಂಟನ್ನ ತಡೆದು ಕಮ್ಮಿ ಮಾಡೋ ಬಿಡಿಭಾಗ) ಸೇರಿಸಿ ಒಂದೊಂದೇ ಎಲ್‌ಇಡಿ ಹಚ್ಚಿ, ಅದ್ರ ಎರಡು ಕಾಲಿಗೆ ವೋಲ್ಟೇಜ್ ಅಳೆಯೋ ಮಲ್ಟಿಮೀಟರ್ ಹಿಡೀರಿ. ಕೆಂಪು 1.8 ವೋಲ್ಟ್ ಆಸುಪಾಸು ತೋರ್ಸುತ್ತೆ, ಹಳದಿ ಅದಕ್ಕಿಂತ ಚೂರು ಜಾಸ್ತಿ, ನೀಲಿ 2.7 ದಾಟುತ್ತೆ. ಟಿವಿ ರಿಮೋಟ್ ಒಳಗಿರೋ, ಕಣ್ಣಿಗೇ ಕಾಣದ ಇನ್‌ಫ್ರಾರೆಡ್ ಎಲ್‌ಇಡಿ ಬರೀ 1.2 ಹತ್ರ. ಅಂದ್ರೆ ಬೆಳಕಿನ ಕಡೆ ನೋಡದೆ ಬರೀ ಮೀಟರ್ ಓದಿದ್ರೂ ಯಾವ ಬಣ್ಣ ಅಂತ ಹೆಚ್ಚುಕಮ್ಮಿ ಹೇಳ್ಬಹುದು! ಎಲೆಕ್ಟ್ರಾನ್ ಅಟ್ಟದಿಂದ ಕೆಳಗೆ ಧುಮುಕಿದ ಹಾಗೆ ಅಂದ್ಕೊಳ್ಳಿ, ಅಟ್ಟ ಎಷ್ಟು ಎತ್ತರಾನೋ ಅದನ್ನ ಹತ್ತಿಸೋಕೆ ಅಷ್ಟು ವೋಲ್ಟೇಜ್ ಬೇಕು, ಧುಮುಕಿದಾಗ ಅಷ್ಟೇ ಶಕ್ತಿ ಬೆಳಕಾಗಿ ಹೊರಗೆ ಬರುತ್ತೆ, ಆ ಎತ್ತರ ಒಳಗಿರೋ, ಬೆಳಕು ಕೊಡೋ ಪುಟ್ಟ ಚಿಪ್ ಅನ್ನ ಯಾವ ವಸ್ತುವಿಂದ ಮಾಡಿದ್ದಾರೆ ಅನ್ನೋದ್ರ ಮೇಲೆ ಇರುತ್ತೆ, ಮೇಲಿನ ಬಣ್ಣದ ಪ್ಲಾಸ್ಟಿಕ್ ಬರೀ ಗುರುತಿಗೆ. 1240ನ್ನ ವೋಲ್ಟೇಜಿಂದ ಭಾಗಿಸಿ, ನ್ಯಾನೋಮೀಟರ್‌ನಲ್ಲಿ ತರಂಗಾಂತರ ಬರುತ್ತೆ. ಕೆಂಪಿಗೆ 690 ಹತ್ರ ಬರುತ್ತೆ, ಅಸಲಿ 630 ಆಜುಬಾಜು ಇರುತ್ತೆ, ಮನೇಲಿ ಕೂತು ಮಾಡೋ ಲೆಕ್ಕಕ್ಕೆ ಇದು ಬೇಕಾದಷ್ಟಾಯ್ತು. ಅಂದಹಾಗೆ ಆ 1240ರೊಳಗೆ ಅಡಗಿರೋದು ಪ್ಲಾಂಕ್ ಸ್ಥಿರಾಂಕ, ಅಂದ್ರೆ ಬೆಳಕಿನ ಬಣ್ಣಕ್ಕೂ ಅದ್ರ ಒಂದೊಂದು ಕಣದ ಶಕ್ತಿಗೂ ನಂಟು ಹಾಕೋ ಸಂಖ್ಯೆ.

ಹಸಿರು ಮಾತ್ರ ಈ ಲೆಕ್ಕಕ್ಕೆ ಬಗ್ಗಲ್ಲ. ಹಳೇ ಥರದ, ಸ್ವಲ್ಪ ಹಳದಿ ಕಡೆ ವಾಲೋ ಹಸಿರು 2 ವೋಲ್ಟ್ ಹತ್ರ ತೋರಿಸಿದ್ರೆ, ಹೊಸ ಕಡುಹಸಿರು ಹೆಚ್ಚುಕಮ್ಮಿ ನೀಲಿಗೆ ಸಮ ಸಮ ನಿಲ್ಲುತ್ತೆ. ಅದೂ ನೀಲಿ ಥರಾನೇ ಗ್ಯಾಲಿಯಂ ನೈಟ್ರೈಡ್ ಅನ್ನೋ ವಸ್ತುವಿನ ವಂಶದ್ದು, ಲೆಕ್ಕಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತೆ.

ಇನ್ನು ಬಿಳಿ ಎಲ್‌ಇಡಿ ಹಾಕಿ ನೋಡಿ, ಮೀಟರ್ ಅಚ್ಚು ನೀಲಿಯ ಅಂಕಿನೇ ತೋರ್ಸುತ್ತೆ. ಯಾಕೆ ಅನ್ನೋದು ಸಿಡಿ ಡಬ್ಬಕ್ಕೆ ಹಿಡಿದ್ರೆ ಗೊತ್ತಾಗುತ್ತೆ: ಮೊದಲು ಜೋರಾದ ನೀಲಿ ಪಟ್ಟಿ, ಆಮೇಲೆ ಒಂದು ಮಂಕು ಜಾಗ, ಆಮೇಲೆ ಹಸಿರು-ಹಳದಿ-ಕೆಂಪು ಉದ್ದಕ್ಕೆ ಹರಡಿರುತ್ತೆ. ಒಳಗಿರೋದು ನೀಲಿ ಚಿಪ್, ಅದ್ರ ಮೇಲೆ ಹಳದಿ ಫಾಸ್ಫರ್ (ನೀಲಿ ಬೆಳಕನ್ನ ನುಂಗಿ ಹಳದಿ ಬೆಳಕು ಕೊಡೋ ಪುಡಿ) ಬಳಿದಿರ್ತಾರೆ, ಅಷ್ಟೇ. ಈ ನೀಲಿ ಬರೋವರೆಗೂ ಬಿಳಿ ಎಲ್‌ಇಡಿ ದೀಪ ಕನಸಾಗಿತ್ತು, ಕಣ್ಣಿಗೆ ಕಾಣೋ ಕೆಂಪು 1962ರಲ್ಲೇ ನಿಕ್ ಹೊಲೊನ್ಯಾಕ್ ಮಾಡಿದ್ರೂ ಪ್ರಖರ ನೀಲಿಗೆ 90ರ ದಶಕದವರೆಗೆ ಕಾಯ್ಬೇಕಾಯ್ತು, ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೂ 2014ರಲ್ಲಿ ನೊಬೆಲ್ ಬಂದಿದ್ದು ಇದಕ್ಕೇ. ಮೊಬೈಲ್ ಸ್ಕ್ರೀನಲ್ಲಿ ಹಳದಿ ತುಂಬ್ಸಿ ಅದನ್ನೂ ಡಬ್ಬದಲ್ಲಿ ನೋಡಿ, ಕೆಂಪು, ಹಸಿರು ಎರಡೇ ಮುಖ್ಯವಾಗಿ ಕಾಣೋದು, ಹಳದಿ ಜಾಗ ಬಹುಪಾಲು ಖಾಲಿ, ಮೋಸ ಹೋಗೋದು ನಮ್ಮ ಕಣ್ಣು.

ಎಲ್ಲಕ್ಕಿಂತ ನಂಗೆ ಇಷ್ಟ ಆಗಿದ್ದು ಇದನ್ನೇ ಉಲ್ಟಾ ಮಾಡೋದು. ಎಲ್‌ಇಡಿಗೆ ಬ್ಯಾಟರಿ ಕೊಡ್ಬೇಡಿ, ಬರೀ ಮಲ್ಟಿಮೀಟರ್ ಕಟ್ಟಿ ಅದ್ರ ತಲೆ ಮೇಲೆ ಬೆಳಕು ಬಿಡಿ, ವೋಲ್ಟೇಜ್ ಹುಟ್ಟುತ್ತೆ, ಸಣ್ಣ ಸೋಲಾರ್ ಸೆಲ್ ಆಗಿಬಿಡುತ್ತೆ. ಆದ್ರೆ ಸಿಕ್ಕಿದ ಬೆಳಕಿಗೆಲ್ಲ ಸ್ಪಂದಿಸಲ್ಲ. ಕೆಂಪು ಎಲ್‌ಇಡಿ ಮೇಲೆ ಹಸಿರು ಬಿಟ್ರೆ ಅಂಕಿ ಏರುತ್ತೆ, ಹಸಿರು ಎಲ್‌ಇಡಿ ಮೇಲೆ ಕೆಂಪು ಎಷ್ಟೇ ಜೋರಾಗಿ ಬಿಟ್ರೂ ಮೀಟರ್ ಜಪ್ಪಯ್ಯ ಅನ್ನಲ್ಲ, ಯಾಕಂದ್ರೆ ಕೆಂಪು ಬೆಳಕಿನ ಒಂದೊಂದು ಕಣಕ್ಕೂ ಆ ಅಟ್ಟ ಹತ್ತೋ ಶಕ್ತಿ ಇಲ್ಲ, ಅಂಥವು ಕೋಟಿ ಬಂದ್ರೂ ಅಷ್ಟೇ. ಬೆಳಕು ಜೋರಾಗಿರೋದು ಬೇರೆ, ಬಣ್ಣ ಬೇರೆ ಅನ್ನೋದನ್ನ ಇಷ್ಟು ಅಗ್ಗದಲ್ಲಿ ತೋರ್ಸೋ ಪ್ರಯೋಗ ನಾನಂತೂ ಬೇರೆ ನೋಡಿಲ್ಲ. ಅಮೆರಿಕದ ಫಾರೆಸ್ಟ್ ಮಿಮ್ಸ್ ಅನ್ನೋರು ಇದೇ ಗುಣ ಹಿಡ್ಕೊಂಡು ಎಲ್‌ಇಡಿಗಳಿಂದಾನೇ ಸೂರ್ಯನ ಬೆಳಕು ಅಳೆಯೋ ಯಂತ್ರ ಮಾಡಿ, ಗಾಳಿಯಲ್ಲಿರೋ ಮಬ್ಬನ್ನ ವರ್ಷಗಟ್ಟಲೆ ದಾಖಲು ಮಾಡಿದ್ದಾರೆ.

ಮಾಡೋರಿದ್ರೆ ಒಂದೇ ಮಾತು, ಅಂಗಡೀಲಿ ನೀರಿನ ಥರ ಪಾರದರ್ಶಕ ಬಾಡಿ ಇರೋ ಎಲ್‌ಇಡಿನೇ ಕೇಳಿ ತಗೊಳ್ಳಿ, ಬಣ್ಣದ ಬಾಡಿ ಇದ್ರೆ ಆ ಪ್ಲಾಸ್ಟಿಕ್ಕೇ ಫಿಲ್ಟರ್ ಆಗಿ, ಕೆಂಪಿನ ಮೇಲೆ ಹಸಿರು ಬಿಟ್ರೂ ಅಂಕಿ ಸರಿಯಾಗಿ ಏರಲ್ಲ.