ಮೂರು ವಾರದ ಹಿಂದೆ ಅಜ್ಜಿ ಎಲ್ಲಾದರೂ ಬಿದ್ದಿದ್ರಾ?

ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ವಯಸ್ಸಾದವರು ಬೀಳುವ ಜಾಗಗಳು ಗೊತ್ತಿರುವಂಥವೇ: ಪಾಚಿ ಕಟ್ಟಿದ ಅಂಗಳ, ಹಂಡೆ ಒಲೆಯ ಬಚ್ಚಲು, ಎತ್ತರದ ಹೊಸ್ತಿಲು, ಕರೆಂಟ್ ಹೋದ ರಾತ್ರಿ ಹಿತ್ತಲಿಗೆ ಇಳಿಯುವ ಎರಡು ಮೆಟ್ಟಿಲು. ಬಿದ್ದವರು ಎದ್ದು ಕೂತು "ಏನಿಲ್ಲ, ಸ್ವಲ್ಪ ಜಾರಿತು ಅಷ್ಟೆ" ಅಂತಾರೆ. ಗಾಯಕ್ಕೆ ಕಾಫಿ ಪುಡಿ ಒತ್ತಿ ಮರೆತೂ ಬಿಡ್ತಾರೆ. ಮೂರು ವಾರ ಕಳೆದ ಮೇಲೆ ನಡಿಗೆ ಓಲಾಡುತ್ತದೆ, ಮಾತು ನಡುವೆ ನಿಲ್ಲುತ್ತದೆ, ಹಗಲಿಡೀ ಮಂಪರು. "ಅರವತ್ತಕ್ಕೆ ಅರಳು ಮರಳು" ಅಂದುಕೊಂಡು ಮನೆಯವರು ಸುಮ್ಮನಾಗುತ್ತಾರೆ. ಈ ಗಾದೆ ಮಾಡಿದಷ್ಟು ಹಾನಿಯನ್ನು ಪಾಚಿಯೂ ಮಾಡಿರಲಿಕ್ಕಿಲ್ಲ.

ತಲೆಯೊಳಗೆ ಆಗುವುದು ಇಷ್ಟು: ಮಿದುಳಿನ ಮೇಲೆ ನಿಧಾನಕ್ಕೆ ರಕ್ತ ಸೇರುತ್ತದೆ. ವಯಸ್ಸಾದಂತೆ ಮಿದುಳು ಕುಗ್ಗುತ್ತದೆ, ಬುರುಡೆ ಕುಗ್ಗುವುದಿಲ್ಲ. ಮಿದುಳಿನಿಂದ ಹೊರಪೊರೆಗೆ ದಾಟುವ ಸಣ್ಣ ಅಭಿಧಮನಿಗಳು ಎಳೆದು ಕಟ್ಟಿದ ದಾರದಂತೆ ಬಿಗಿದಿರುತ್ತವೆ. ತಲೆ ಜೋರಾಗಿ ಅಲುಗಿದರೂ ಒಂದು ಹರಿಯಬಹುದು, ನೆಲಕ್ಕೆ ಬಡಿಯಲೇಬೇಕೆಂದಿಲ್ಲ. ರಕ್ತ ನಿಧಾನಕ್ಕೆ ಜಿನುಗುತ್ತದೆ, ತುಂಬಿಕೊಳ್ಳಲು ಖಾಲಿ ಜಾಗವೂ ಇದೆ, ಹಾಗಾಗಿ ದಿನಗಟ್ಟಲೆ ಏನೂ ಕಾಣುವುದಿಲ್ಲ. ಹೆಪ್ಪುಗಟ್ಟಿದ ರಕ್ತ ಕರಗಿ ನೀರಾಗುತ್ತದೆ, ಸುತ್ತ ಒಂದು ಪೊರೆ ಬೆಳೆಯುತ್ತದೆ, ಆ ಪೊರೆಯ ಎಳೆಯ ರಕ್ತನಾಳಗಳು ಮತ್ತೆ ಸೋರುತ್ತವೆ. ಹೊಸ ಪೆಟ್ಟಿಲ್ಲದೆಯೂ ಅದು ದಪ್ಪವಾಗುತ್ತ ಹೋಗುವುದು ಹೀಗೆ. ಡಾಕ್ಟರು ಇದನ್ನು ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮ ಅನ್ನುತ್ತಾರೆ.

ಇದೇ ಕಾರಣಕ್ಕೆ, ಎಚ್ಚರ ಎಷ್ಟಿದೆ ಎಂದು ಅಳೆಯುವ ಗ್ಲಾಸ್ಗೋ ಸ್ಕೋರ್ ವಯಸ್ಸಾದವರಲ್ಲಿ ಮೋಸ ಮಾಡುತ್ತದೆ. 1974ರಲ್ಲಿ ಬಂದ ಈ ಅಳತೆ ಕಣ್ಣು, ಮಾತು, ಕೈಕಾಲಿನ ಚಲನೆ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತದೆ. 13 ಅಥವಾ ಅದಕ್ಕಿಂತ ಹೆಚ್ಚಿದ್ದರೆ "ಸಣ್ಣ ಪೆಟ್ಟು". ಎಪ್ಪತ್ತೈದರ ಅಜ್ಜ 15ಕ್ಕೆ 15 ತೆಗೆದುಕೊಂಡು ಮಾತಾಡುತ್ತಿರುವಾಗಲೇ ಒಳಗೆ ರಕ್ತ ನಿಂತಿರಬಹುದು. ಅದಕ್ಕೇ 65 ದಾಟಿದವರು ಬಿದ್ದು ಕ್ಷಣಕಾಲ ಎಚ್ಚರ ತಪ್ಪಿದ್ದರೆ, ಬಿದ್ದದ್ದು ನೆನಪಿಲ್ಲದಿದ್ದರೆ, ಗಲಿಬಿಲಿಗೊಂಡಿದ್ದರೆ ಸಿಟಿ ಸ್ಕ್ಯಾನ್ ಬೇಕು. ರಕ್ತ ತೆಳು ಮಾಡುವ ಮಾತ್ರೆ, ಅಂದರೆ ವಾರ್ಫರಿನ್, ಅಸಿಟ್ರೋಮ್ ಥರದ್ದು ತಗೊಳ್ಳುವವರಿಗೆ ಇವು ಯಾವುದೂ ಇಲ್ಲದಿದ್ದರೂ ಸ್ಕ್ಯಾನ್ ಮಾಡಿಸುವುದೇ ಕ್ಷೇಮ. ಜೊತೆಗೆ ಐಎನ್ಆರ್, ಅಂದರೆ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡುವ ಪರೀಕ್ಷೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ನುಂಗುವವರನ್ನೂ ಹಗುರವಾಗಿ ಕಾಣಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಸ್ಟ್ರಿಪ್‌ನಲ್ಲಿ ಈ ಹೆಸರು ಸಾಮಾನ್ಯ.

ಬಿದ್ದವರನ್ನು ಇಬ್ಬರು ಎರಡು ಕೈ ಹಿಡಿದು ಎಳೆದು ಕೂರಿಸುವುದು ನಮ್ಮಲ್ಲಿ ರೂಢಿ. ಮಾಡಬೇಡಿ. ಈ ವಯಸ್ಸಲ್ಲಿ ತಲೆಯ ಜೊತೆ ಕುತ್ತಿಗೆ ಮೂಳೆಯೂ ಮುರಿದಿರಬಹುದು. ಕುತ್ತಿಗೆ ನೋವು ಅಂದರೆ ಅಲ್ಲೇ ಮಲಗಿಸಿ 108ಕ್ಕೆ ಕರೆ ಮಾಡಿ. ಗಾಯಕ್ಕೆ ಕಾಫಿ ಪುಡಿ ಬೇಡ, ಶುದ್ಧ ಬಟ್ಟೆಯಲ್ಲಿ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನೋವಿಗೆ ಪ್ಯಾರಾಸಿಟಮಾಲ್ ಸರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು.

ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಸಿಟಿ ಈಗ ನಡೆಯುತ್ತಿದೆಯೇ, ನ್ಯೂರೋಸರ್ಜನ್ ಸಿಗುತ್ತಾರೆಯೇ ಎಂದು ಕೇಳಿ. ಘಟ್ಟದ ಮೇಲಿನವರಿಗೆ ಹಾಸನವೋ ಮಂಗಳೂರೋ ಅನ್ನುವ ತೀರ್ಮಾನ ಈ ಉತ್ತರದ ಮೇಲೆಯೇ ನಿಲ್ಲಬೇಕು. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ರಸ್ತೆ ತೆರೆದಿದೆಯೇ ಅನ್ನುವುದೂ ಸೇರುತ್ತದೆ. ಚೀಟಿಯಲ್ಲಿ ಬಿದ್ದ ಹೊತ್ತು ಬರೆದು, ಮಾತ್ರೆಯ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿ.

ಸ್ಕ್ಯಾನ್ ಸರಿ ಇದೆ ಎಂದು ಮನೆಗೆ ಕಳಿಸಿದರೂ ಒಂದೆರಡು ತಿಂಗಳು ಕಣ್ಣಿಡಿ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿಸಿ, ಕಣ್ಣು ಮುಚ್ಚಿಸಿ. ಹತ್ತು ಎಣಿಸಿ. ಒಂದು ಕೈ ತಾನಾಗಿ ಕೆಳಗಿಳಿದು ಅಂಗೈ ಒಳಕ್ಕೆ ತಿರುಗಿದರೆ ಆ ಕಡೆ ಬಲ ಕುಗ್ಗಿದೆ, ಅವತ್ತೇ ಹೊರಡಿ. ಸುಲಭಕ್ಕೆ ಮುಚ್ಚಿಡಲು ಬಾರದ ಲಕ್ಷಣ ಇದು, "ನಾನು ಚೆನ್ನಾಗೇ ಇದೀನಿ" ಅನ್ನುವವರಲ್ಲೂ ಕಾಣುತ್ತದೆ. ಹೊಸ ತಲೆನೋವು, ಒಂದೇ ಕಾಲಿನ ಚಪ್ಪಲಿ ಜಾರುವುದು, ತಟ್ಟೆಯ ಒಂದು ಬದಿಯ ಅನ್ನ ಹಾಗೇ ಉಳಿಯುವುದೂ ಲೆಕ್ಕಕ್ಕೆ ಬರುತ್ತವೆ.

ಸ್ಕ್ಯಾನಿನಲ್ಲಿ ಹೊಸ ರಕ್ತ ಬಿಳಿ, ಹಳೆಯದು ಕಪ್ಪು, ಬಿದಿಗೆ ಚಂದ್ರನ ಆಕಾರ. ನಡುವಿನ ಒಂದೆರಡು ವಾರ ಅದು ಮಿದುಳಿನ ಬೂದು ಬಣ್ಣಕ್ಕೇ ಬಂದು ಕಣ್ಣು ತಪ್ಪಿಸಬಲ್ಲದು. "ಮೂರು ವಾರದ ಹಿಂದೆ ಬಿದ್ದಿದ್ದರು" ಎಂದು ನೀವು ಹೇಳುವ ಒಂದು ಮಾತಿಗೆ ಅಲ್ಲಿ ಬೆಲೆ ಇದೆ.

ನೀರಾದ ಹಳೆ ರಕ್ತವನ್ನು ಬುರುಡೆಗೆ ಒಂದೆರಡು ಸಣ್ಣ ತೂತು ಕೊರೆದು ತೆಗೆಯುತ್ತಾರೆ. ಹೊರಬರುವುದು ಹಳೆ ಎಂಜಿನ್ ಆಯಿಲ್ ಬಣ್ಣದ ದ್ರವ. ಎಷ್ಟೋ ಸಲ ಆ ಜಾಗ ಮಾತ್ರ ಮರಗಟ್ಟಿಸಿಯೇ ಮಾಡುತ್ತಾರೆ, ಎಂಬತ್ತೈದಾಯಿತು ಅಂತ ಕೈಬಿಡಬೇಕಿಲ್ಲ. ಉಳಿದ ದ್ರವ ಬಸಿದುಹೋಗಲು ಎರಡು ದಿನ ಟ್ಯೂಬ್ ಬಿಡುವುದಕ್ಕೆ ಕಾರಣವಿದೆ: 2009ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಟ್ಯೂಬ್ ಇಟ್ಟವರಲ್ಲಿ ಸುಮಾರು ನೂರಕ್ಕೆ 9, ಇಡದವರಲ್ಲಿ 24 ಮಂದಿಗೆ ಮತ್ತೆ ತುಂಬಿಕೊಂಡಿತ್ತು. ನಿಲ್ಲಿಸಿದ ರಕ್ತ ತೆಳು ಮಾತ್ರೆ ಯಾವತ್ತು ಮತ್ತೆ ಶುರು ಅನ್ನುವುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಮರೆತರೆ ಪಾರ್ಶ್ವವಾಯು, ಅವಸರ ಮಾಡಿದರೆ ಮತ್ತೆ ರಕ್ತ.

ಇನ್ನು ಫಲಿತಾಂಶ. ಪೆಟ್ಟಿನಿಂದಲೇ ಕೋಮಾಕ್ಕೆ ಹೋಗಿ, ಗ್ಲಾಸ್ಗೋ ಸ್ಕೋರ್ 8 ಅಥವಾ ಅದಕ್ಕಿಂತ ಕೆಳಗಿರುವ ವೃದ್ಧರಲ್ಲಿ ಸ್ವತಂತ್ರ ಬದುಕಿಗೆ ಮರಳುವವರು ಕಡಿಮೆ. ಇದನ್ನು ಮನೆಯವರಿಗೆ ಸುತ್ತಿ ಬಳಸದೆ ಹೇಳಬೇಕು. ಸಣ್ಣ ಪೆಟ್ಟಿನವರು ಚೇತರಿಸಿಕೊಳ್ಳುತ್ತಾರೆ, ಆದರೆ ಲೆಕ್ಕ ವಾರಗಳಲ್ಲಲ್ಲ, ತಿಂಗಳುಗಳಲ್ಲಿ. ನಡುವೆ ಕೆಡಿಸುವುದು ಮಿದುಳೊಂದೇ ಅಲ್ಲ. ಮಲಗಿಸಿಕೊಂಡು ಗಂಜಿ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ. ನೆಟ್ಟಗೆ ಕೂರಿಸಿ, ಚಮಚದಲ್ಲಿ ಕೊಡಿ, ತಿಂದ ಮೇಲೆ ಅರ್ಧ ಗಂಟೆ ಕೂತಿರಲಿ. ಸಂಜೆ ಹೊತ್ತಿಗೆ ಬಡಬಡಿಸಿದರೆ ಮೊದಲು ರಕ್ತದ ಸೋಡಿಯಂ, ಮೂತ್ರದ ಸೋಂಕು, ಮಲಬದ್ಧತೆ ನೋಡಿಸಿ. ಕನ್ನಡಕ, ಕಿವಿ ಮಿಷನ್ ಹಾಕಿಸಿ.

ಮತ್ತೆ ಬೀಳುವುದಕ್ಕೆ ದೊಡ್ಡ ಕಾರಣ ಎದ್ದಾಗ ಇಳಿಯುವ ಬಿಪಿ. ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ, ಎದ್ದು ನಿಂತ ಒಂದು ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಇಳಿದರೆ ಬರೆದುಕೊಂಡು ಡಾಕ್ಟರ ಮುಂದಿಡಿ. ಬಿಪಿ ಮಾತ್ರೆಯ ಮೇಲೆ ಅನುಮಾನ ಬರುತ್ತದೆ, ಪ್ರಾಸ್ಟೇಟ್‌ಗೆಂದು ರಾತ್ರಿ ಕೊಡುವ, ಬಿಪಿಯನ್ನೂ ಇಳಿಸಬಲ್ಲ ಟ್ಯಾಮ್ಸುಲೋಸಿನ್ ಕಡೆ ಯಾರ ಗಮನವೂ ಹೋಗಿರುವುದಿಲ್ಲ.